ಸಂದರ್ಶನದ ಇಂಗ್ಲಿಷ್: ಕಾಲ ತಪ್ಪದಿರಲಿ

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಮೂರು ವರ್ಷಗಳಿಂದ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಇಂಗ್ಲಿಷ್ ಅರ್ಥವಾಗುತ್ತದೆ, ಆದರೆ ಸಂದರ್ಶನದಲ್ಲಿ ವ್ಯಾಕರಣ ತಪ್ಪೀತೆಂಬ ಅಳುಕಿನಿಂದ ಗೊತ್ತಿರುವ ಉತ್ತರವೂ ಅರ್ಧಕ್ಕೇ ನಿಲ್ಲುತ್ತದೆ. ಮುಂದಿನ ಸಂದರ್ಶನಕ್ಕೆ ಮೂರು ವಾರಗಳಿವೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಇಡೀ ವ್ಯಾಕರಣವನ್ನು ಓದಿ ಮುಗಿಸುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟು, ಕ್ರಿಯಾಪದದ ಕಾಲಗಳಿಂದ ಆರಂಭಿಸಿ. ‘ಎ’, ‘ದ’ಗಳು ಒಂದೆರಡು ಕಡೆ ಬಿಟ್ಟುಹೋದರೂ ಮಾತು ಅರ್ಥವಾಗುತ್ತದೆ, ಕಾಲ ತಪ್ಪಿದರೆ ನಿಮ್ಮ ವೃತ್ತಿಯ ವಿವರವೇ ಬದಲಾಗಿಬಿಡುತ್ತದೆ. ‘ಐ ವರ್ಕ್ಡ್ ದೇರ್ ಫಾರ್ ತ್ರೀ ಇಯರ್ಸ್’ ಎಂದರೆ ನೀವು ಆ ಕೆಲಸ ಬಿಟ್ಟಿದ್ದೀರೆಂದೇ ಕೇಳುವವರು ತಿಳಿಯುತ್ತಾರೆ. ಈಗಲೂ ಅಲ್ಲೇ ಇರುವ ನೀವು ‘ಐ ಹ್ಯಾವ್ ಬೀನ್ ವರ್ಕಿಂಗ್ ದೇರ್ ಫಾರ್ ತ್ರೀ ಇಯರ್ಸ್’ ಎನ್ನಬೇಕು.

ಇಲ್ಲಿ ನಮ್ಮನ್ನು ಎಡವಿಸುವುದು ಕನ್ನಡದ ‘ಇಂದ’ ಪ್ರತ್ಯಯ. ‘2022ರಿಂದ’ ಎನ್ನುವಾಗಲೂ ‘ಮೂರು ವರ್ಷಗಳಿಂದ’ ಎನ್ನುವಾಗಲೂ ನಮಗೆ ಅದೊಂದೇ ಸಾಕು. ಅದರ ಜೊತೆಗೆ ‘ಮಾಡುತ್ತಿದ್ದೇನೆ’ ಎಂಬ ವರ್ತಮಾನದ ರೂಪವೂ ಸಹಜವಾಗಿ ಹೊಂದುತ್ತದೆ. ಇಂಗ್ಲಿಷ್‌ನಲ್ಲಾದರೋ ಕೆಲಸ ಶುರುವಾದ ಸಮಯಕ್ಕೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’ ಎಂದು ಬೇರೆ ಬೇರೆ ಪದಗಳಿವೆ. ‘ಐ ಆಮ್ ವರ್ಕಿಂಗ್ ಸಿನ್ಸ್ ತ್ರೀ ಇಯರ್ಸ್’ ಎಂಬ ತಪ್ಪು ವಾಕ್ಯ ನಮ್ಮ ಬಾಯಿಗೆ ತಾನಾಗಿ ಬರುವುದು ಈ ಕಾರಣದಿಂದಲೇ. ಅದಕ್ಕಾಗಿ ನೀವು ನಾಚಬೇಕಾಗಿಲ್ಲ. ಹಾಗೆಯೇ ‘ಐ ಆಮ್ ಹ್ಯಾವಿಂಗ್ ಎಕ್ಸ್‌ಪೀರಿಯೆನ್ಸ್’ ಬದಲು ‘ಐ ಹ್ಯಾವ್’ ಎನ್ನಿ. ‘ಡಿಡ್’ ಬಂದಲ್ಲಿ ಭೂತಕಾಲ ಅದರಲ್ಲೇ ಇರುವುದರಿಂದ ‘ಡಿಡ್ ನಾಟ್ ವೆಂಟ್’ ಸಲ್ಲದು, ‘ಡಿಡ್ ನಾಟ್ ಗೋ’ ಸರಿ.

ನಿಮ್ಮ ಕೆಲಸದ ಬಗ್ಗೆ ಹತ್ತು ಚಿಕ್ಕ ವಾಕ್ಯಗಳನ್ನು ಬರೆದುಕೊಳ್ಳಿ. ಪ್ರತಿ ತಿಂಗಳು ಮಾಡುವುದಕ್ಕೆ ‘ಐ ಪ್ರಿಪೇರ್ ದ ಮಂತ್ಲಿ ಅಕೌಂಟ್ಸ್’, ಮುಗಿದುಹೋದದ್ದಕ್ಕೆ ‘ಲಾಸ್ಟ್ ಇಯರ್ ಐ ಟ್ರೇನ್ಡ್ ಟೂ ನ್ಯೂ ಕಲೀಗ್ಸ್’ ಎಂಬಂತಹ ವಾಕ್ಯಗಳು ಸಾಕು. ಇಡೀ ಉತ್ತರವನ್ನು ಬಾಯಿಪಾಠ ಮಾಡುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಪ್ರಶ್ನೆ ಸ್ವಲ್ಪ ತಿರುಗಿ ಬಂದರೂ ಕಂಠಪಾಠದ ಎಳೆ ಕಡಿದುಹೋಗುತ್ತದೆ. ಬದಲಿಗೆ ಗೆಳತಿಯೊಬ್ಬರಿಂದ ಪ್ರಶ್ನೆ ಕೇಳಿಸಿಕೊಂಡು, ಉತ್ತರವನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ, ಮರಳಿ ಕೇಳುವಾಗ ಕ್ರಿಯಾಪದಗಳನ್ನಷ್ಟೇ ಗಮನಿಸಿ.

ಸಂದರ್ಶನದಲ್ಲಿ ತಪ್ಪು ನುಸುಳಿದ್ದು ನಿಮ್ಮ ಗಮನಕ್ಕೆ ಬಂದರೆ ‘ಐ ಪ್ರಿಪೇರ್, ಐ ಪ್ರಿಪೇರ್ಡ್’ ಎಂದು ಆ ಪದವನ್ನು ತಿದ್ದಿ ಮುಂದೆ ಸಾಗಿ. ಕ್ಷಮೆ ಕೇಳುತ್ತಾ ನಿಲ್ಲಬೇಡಿ. ಪ್ರಶ್ನೆಯೇ ತಿಳಿಯದಿದ್ದರೆ ‘ಕುಡ್ ಯೂ ಪ್ಲೀಸ್ ರಿಪೀಟ್ ದ ಕ್ವೆಶ್ಚನ್?’ ಎಂದು ಕೇಳಲು ಹಿಂಜರಿಯಬೇಡಿ.