ಮನಸ್ಸಿನ ಮಾತ್ರೆಗೂ ಹಳೇ ಚೀಸಿಗೂ ಏನ್ರೀ ಸಂಬಂಧ?

ಅಕ್ಕನಿಗೆ ಡಿಪ್ರೆಶನ್‌ಗೆ ಫೆನೆಲ್ಜಿನ್ ಕೊಟ್ಟಿದ್ದಾರೆ, ಹಳೇ (ಅಂದ್ರೆ ಮಾಗಿಸಿದ) ಚೀಸ್ ಮುಟ್ಟಬೇಡಿ ಅಂತಾರೆ, ಮಾತ್ರೆ ನಿಲ್ಲಿಸಿದ್ರೂ ಇನ್ನೆರಡು ವಾರ ಪಥ್ಯ ಅಂತಾರೆ, ಇದು ಸುಮ್ನೆ ಹೆದರಿಸೋದಾ ಅಂತ ಬರ್ದಿದೀರ. ಅಲ್ಲ. ನಿಮ್ಮ ಎರಡೂ ಪ್ರಶ್ನೆಗೆ ಕಾರಣ ಒಂದೇ ಎನ್ಜೈಮು (ದೇಹದ ರಾಸಾಯನಿಕ ಕೆಲಸ ನಡೆಸೋ ಪ್ರೋಟೀನು), ಹೆಸರು ಮೋನೋಅಮೈನ್ ಆಕ್ಸಿಡೇಸ್.

ಸೆರೊಟೋನಿನ್, ನಾರ್‌ಅಡ್ರಿನಲಿನ್, ಡೋಪಮೈನ್ ಅನ್ನೋ ಸಂದೇಶ ಒಯ್ಯೋ ರಾಸಾಯನಿಕಗಳನ್ನ ನರಕೋಶ ಹೊರಗೆ ಬಿಟ್ಟು ಕೆಲಸ ಮುಗಿದ ಮೇಲೆ ವಾಪಸ್ ಎಳ್ಕೊಳತ್ತೆ, ಒಳಗೆ ಬಂದಿದ್ರಲ್ಲಿ ಒಂದಷ್ಟನ್ನ ಈ ಎನ್ಜೈಮು ಒಡೆದುಹಾಕತ್ತೆ. ಮಾತ್ರೆ ಹೊಸದಾಗಿ ಏನನ್ನೂ ತಯಾರು ಮಾಡಲ್ಲ, ಈ ಒಡೆಯೋ ಕೆಲಸ ನಿಲ್ಲಿಸತ್ತೆ ಅಷ್ಟೇ, ಇದ್ದದ್ದು ಉಳಿಯತ್ತೆ. ಆದ್ರೂ ಮನಸ್ಸು ಹಗುರಾಗೋಕೆ ಕೆಲವು ವಾರ ಬೇಕು, ಮೊದಲ ವಾರಕ್ಕೇ ಅಕ್ಕ ನಗ್ತಿಲ್ಲ ಅಂತ ಗಾಬರಿ ಬೇಡ. (ಇದು ಗೊತ್ತಾಗಿದ್ದೂ ಆಕಸ್ಮಿಕವಾಗಿ: 1950ರ ದಶಕದಲ್ಲಿ ಟಿಬಿಗೆ ಐಪ್ರೋನಿಯಜಿಡ್ ಅನ್ನೋ, ಇದೇ ಎನ್ಜೈಮು ತಡೆಯೋ ಔಷಧಿ ಕೊಟ್ರೆ ಕೆಲವು ರೋಗಿಗಳು ವಿಪರೀತ ಉತ್ಸಾಹದಲ್ಲಿ ಓಡಾಡೋಕೆ ಶುರು ಮಾಡಿದ್ರಂತೆ.)

ಈಗ ಚೀಸಿಗೆ ಬರೋಣ. ಇದೇ ಎನ್ಜೈಮು ಕರುಳಲ್ಲೂ ಲಿವರಲ್ಲೂ ಇದೆ. ಹಳೇ ಚೀಸು, ಹುದುಗಿಸಿದ ತಿನಿಸುಗಳಲ್ಲಿ ಟೈರಮೈನ್ ಅಂತ ಒಂದು ರಾಸಾಯನಿಕ ಇರತ್ತೆ, ಬೇರೆ ದಿನ ಆಗಿದ್ರೆ ಅದು ಅಲ್ಲೇ ಮುಗಿದುಹೋಗ್ತಿತ್ತು. ಮಾತ್ರೆ ತಗೊಂಡೋರಲ್ಲಿ ತಡೆಯೋರಿಲ್ಲ, ಸೀದಾ ರಕ್ತಕ್ಕೆ ಸೇರಿ ನರದ ತುದಿಯಲ್ಲಿ ಕೂಡಿಟ್ಟ ನಾರ್‌ಅಡ್ರಿನಲಿನ್ನನ್ನ ಒಂದೇ ಸಲ ಹೊರಗೆ ದಬ್ಬತ್ತೆ, ಬಿಪಿ ಜಿಗಿಯತ್ತೆ, ತಲೆ ಸಿಡಿಯತ್ತೆ, ಕೆಲವರಿಗೆ ಮೆದುಳಲ್ಲಿ ರಕ್ತಸ್ರಾವವೇ ಆಗಿದೆ. 1963ರಲ್ಲಿ ಇಂಗ್ಲೆಂಡಿನ ವೈದ್ಯ ಬ್ಯಾರಿ ಬ್ಲ್ಯಾಕ್‌ವೆಲ್ ಈ ತಲೆನೋವಿನ ಬಗ್ಗೆ ಬರೆದಾಗ ಒಬ್ಬ ಫಾರ್ಮಸಿಸ್ಟು, ನನ್ನ ಹೆಂಡತಿಗೆ ಚೀಸ್ ತಿಂದಾಗ ಹೀಗಾಯ್ತು ಅಂತ ಪತ್ರ ಹಾಕಿದ್ರು. ಮೊದಲು ಎಲ್ರೂ ನಕ್ಕಿದ್ರು! ಓದುಗರ ಪತ್ರ ಅಂದ್ರೆ ನನಗೆ ಗೌರವ ಇರೋದು ಸುಮ್ನೆ ಅಲ್ಲ.

ಎರಡು ವಾರ ಯಾಕೆ? ಫೆನೆಲ್ಜಿನ್ ಆ ಎನ್ಜೈಮಿಗೆ ಒಮ್ಮೆ ಅಂಟಿದ್ರೆ ಬಿಡೋದೇ ಇಲ್ಲ. ಮಾತ್ರೆ ರಕ್ತದಿಂದ ಬೇಗ ಹೋಗತ್ತೆ, ಆದ್ರೆ ಎನ್ಜೈಮು ಸತ್ತಂಗೇ, ದೇಹ ಹೊಸದನ್ನ ತಯಾರು ಮಾಡ್ಬೇಕು, ಅದಕ್ಕೆ ಆ ಎರಡು ವಾರ. ಇದೇ ಎನ್ಜೈಮು ತಡೆಯೋ ಇನ್ನೊಂದು ಮಾತ್ರೆ ಮೊಕ್ಲೋಬಮೈಡ್ ಹಾಗಲ್ಲ, ಹಿಡ್ಕೊಂಡು ಬಿಟ್ಬಿಡತ್ತೆ, ಅದಕ್ಕೇ ಪಥ್ಯ ಸಡಿಲ.

ಚೀಸಿಗಿಂತ ನನಗೆ ಜಾಸ್ತಿ ಭಯ ಬೇರೆ ಮಾತ್ರೆಗಳದ್ದು. ಸೆರೊಟೋನಿನ್ ಹೆಚ್ಚಿಸೋ ಇನ್ನೊಂದು ಡಿಪ್ರೆಶನ್ ಮಾತ್ರೆ ಜೊತೆ ಸೇರಿದ್ರೆ ಜ್ವರ, ನಡುಕ, ಗೊಂದಲ ಬಂದು ಜೀವಕ್ಕೇ ಕುತ್ತು. ಅಂಥದ್ದೇ ಒಂದು ಮಾತ್ರೆ ಫ್ಲುವೊಕ್ಸೆಟಿನ್ ತಗೋತಿದ್ದೋರು ಅದನ್ನ ಬಿಟ್ಟು ಐದು ವಾರ ಕಾದೇ ಫೆನೆಲ್ಜಿನ್ ಶುರು ಮಾಡ್ಬೇಕು. ಕೆಮ್ಮಿನ ಸಿರಪ್ಪಲ್ಲಿರೋ ಡೆಕ್ಸ್ಟ್ರೋಮೆಥಾರ್ಫನ್ ಕೂಡ ಬೇಡ, ಅಕ್ಕನಿಗೆ ಇದನ್ನ ಇವತ್ತೇ ಹೇಳಿ.