ಕಡಲ ಮರಳಿಗೆ ಫ್ಯಾಟ್ ಬೈಕ್ ಮಾಡಿಸುವುದಾದರೆ ಟಯರಿನಿಂದ ಶುರು ಮಾಡಿ

ನಿಮ್ಮ ಪ್ರಶ್ನೆ ಹೀಗಿದೆ: ಎತ್ತರ ಆರಡಿ ಮೂರಿಂಚು, ಅಂಗಡಿಯಲ್ಲಿ ಸಿಗುವ, ತೀರ ದಪ್ಪ ಟಯರಿನ ಫ್ಯಾಟ್ ಬೈಕ್‌ಗಳೆಲ್ಲ ಚಿಕ್ಕದಾಗುತ್ತವೆ, ಮಂಜೇಶ್ವರದ ಕಡಲತೀರದಲ್ಲಿ ಓಡಿಸಲು ಫ್ರೇಮ್ ತಯಾರಕರಿಂದ ಒಂದನ್ನು ಮಾಡಿಸಿಕೊಳ್ಳಬಹುದೇ, ಅವರಿಗೆ ಯಾವ ಅಳತೆ ಕೊಡಬೇಕು?

ಧಾರಾಳವಾಗಿ ಮಾಡಿಸಬಹುದು. ನಾನು ಕುಂಬಳೆಯವನು, ನನ್ನ ಸೈಕಲ್ಲನ್ನು ಬೆಂಗಳೂರಿನ ತಯಾರಕರೊಬ್ಬರಿಂದ ಮಾಡಿಸಿದ್ದೇನೆ. ಕಾಲಿನ ಉದ್ದ, ತೋಳಿನ ಉದ್ದ, ಭುಜದ ಅಗಲ ಇವನ್ನು ಅವರೇ ಕೇಳಿ ಪಡೆಯುತ್ತಾರೆ. ಅದು ಸುಲಭದ ಭಾಗ. ನೀವು ತಲೆ ಕೆಡಿಸಿಕೊಳ್ಳಬೇಕಾದದ್ದು ಹಿಂದಿನ ಟಯರಿನ ಬಗ್ಗೆ. ಫ್ಯಾಟ್ ಬೈಕಿನಲ್ಲಿ ಉಳಿದ ಲೆಕ್ಕಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ.

ಮೊದಲು ಎಲ್ಲಿ ಓಡಿಸುತ್ತೀರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇಳಿತದ ಹೊತ್ತಿನಲ್ಲಿ ನೀರಂಚಿನ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಅಲ್ಲಿಗೆ ಮಾಮೂಲಿ ಮೌಂಟನ್ ಬೈಕ್ ಸಾಕು. ಅಷ್ಟಕ್ಕೇ ಆದರೆ ದುಡ್ಡು ಉಳಿಸಿಕೊಳ್ಳಿ. ಭರತದ ಗೆರೆಗಿಂತ ಮೇಲಿನ ಒಣ ಮರಳು, ಶಿರಿಯಾ ಅಥವಾ ಮೊಗ್ರಾಲ್ ಹೊಳೆಯ ಅಳಿವೆಯ ಬಳಿಯ ಸಡಿಲ ದಿಬ್ಬ, ಇಂಥ ಕಡೆ ಮಾತ್ರ 4 ಇಂಚಿಗೆ ಮೇಲ್ಪಟ್ಟ ಟಯರು ಬೇಕಾಗುತ್ತದೆ. ಅಲ್ಲಿ ಗಾಳಿ 5ರಿಂದ 8 ಪಿಎಸ್ಐ ಇದ್ದರೆ ಸಾಕು. ಮನೆಯ ಪಂಪಿನ ಮುಳ್ಳು ಅಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸುವುದಿಲ್ಲ. ಕಡಿಮೆ ಒತ್ತಡ ಅಳೆಯುವ ಗೇಜ್ ಬೇರೆಯೇ ಇಟ್ಟುಕೊಳ್ಳಬೇಕು.

4 ಇಂಚಿನ ಟಯರಾದರೆ ಹಿಂದಿನ ಚಕ್ರದ ನಡುವಿನ ಹಬ್ಬಿನ ಅಗಲ ಸಾಮಾನ್ಯವಾಗಿ 170 ಅಥವಾ 177 ಮಿ.ಮೀ., 5 ಇಂಚಿನ ಹತ್ತಿರದ್ದಾದರೆ 190 ಅಥವಾ 197. ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ಕೊಳವೆಯೂ ಮೌಂಟನ್ ಬೈಕಿನ 73 ಮಿ.ಮೀ. ಬದಲು 100 ಮಿ.ಮೀ. ಆಗುತ್ತದೆ. ಇಲ್ಲದಿದ್ದರೆ ಚೈನು ಟಯರಿಗೆ ತಾಗುತ್ತದೆ. ಅಗಲ ಹೆಚ್ಚಿದಷ್ಟೂ ಎರಡು ಪಾದಗಳ ನಡುವಿನ ಅಂತರ ಹೆಚ್ಚುತ್ತದೆ, ಮೊಣಕಾಲು ನೋವಿನವರಿಗೆ ಇದು ಸಣ್ಣ ವಿಷಯವಲ್ಲ. ಹಾಗಾಗಿ ಇರುವುದರಲ್ಲಿ ಅತಿ ದಪ್ಪದ ಟಯರೇ ಬೇಕೆಂದು ಹಟ ಮಾಡಬೇಡಿ. ನಮ್ಮ ಕರಾವಳಿಗೆ 4 ಇಂಚು ಸಾಕು ಎಂಬುದು ನನ್ನ ಅಭಿಪ್ರಾಯ; ಅಲಾಸ್ಕಾದ ಹಿಮ ನಮಗೇನು ಬೀಳುವುದಿಲ್ಲವಲ್ಲ.

ಅಷ್ಟು ಅಗಲದ ಹಬ್ ಸಿಗದು ಎಂಬ ಚಿಂತೆ ಇದ್ದರೆ ಹಳೆಯ ಉಪಾಯ ಒಂದಿದೆ. 2005ರಲ್ಲಿ ಅಮೆರಿಕದ ಸರ್ಲಿ ಕಂಪನಿ ತಂದ ಪಗ್ಸ್‌ಲಿಯಲ್ಲಿ ಮಾಮೂಲಿ 135 ಮಿ.ಮೀ. ಹಬ್ಬನ್ನೇ ಬಳಸಿದ್ದರು. ಫ್ರೇಮಿನ ಹಿಂಭಾಗವನ್ನು 17.5 ಮಿ.ಮೀ. ಬಲಕ್ಕೆ ಸರಿಸಿ, ಚಕ್ರದ ಕಡ್ಡಿಗಳನ್ನು ರಿಮ್ಮು ಹಬ್ಬಿನ ಒಂದು ಬದಿಗೆ ಸರಿಯುವಂತೆ ಬಿಗಿದು, ರಿಮ್ಮನ್ನು ಸೈಕಲ್ಲಿನ ನಡುವಿಗೆ ತಂದರು. ಮುಂದಿನ ಹಬ್ಬೂ ಅದೇ ಅಳತೆಯದಾದ್ದರಿಂದ ಮುಂದಿನ ಚಕ್ರವನ್ನು ಹಿಂದಕ್ಕೂ ಹಾಕಬಹುದಿತ್ತು. ಕೇಳಲು ಸೊಗಸಾಗಿದೆ, ಆದರೆ ಹಾಗೆ ಒಂದು ಬದಿಗೆ ಸರಿಸಿ ಕಡ್ಡಿ ಬಿಗಿಯಬಲ್ಲ ಮೆಕ್ಯಾನಿಕ್ ನಿಮ್ಮೂರಿನಲ್ಲಿ ಇದ್ದಾರೆಯೇ ಎಂದು ನೋಡಿಕೊಂಡು ಒಪ್ಪಿ.

ಟಯರಿನ ಮೇಲೆ ಅಚ್ಚಾದ ಅಂಕಿಯನ್ನು ನಂಬಬೇಡಿ. ಅದೇ ಟಯರು ಅಗಲದ ರಿಮ್ಮಿಗೆ ಏರಿದರೆ ಹಿಗ್ಗುತ್ತದೆ. ಆದ್ದರಿಂದ ಚಕ್ರವನ್ನು ಮೊದಲು ಕಟ್ಟಿಸಿ, ಟಯರು ಹಾಕಿ, ಗಾಳಿ ತುಂಬಿ ತಯಾರಕರಿಗೆ ಕಳುಹಿಸಿ. ಚೈನ್‌ಸ್ಟೇ (ಹಿಂದಿನ ಚಕ್ರದ ಎರಡೂ ಬದಿಗೆ ಬರುವ ಫ್ರೇಮಿನ ಕೆಳ ಕೊಳವೆ) ಬಗ್ಗಿಸುವ ಮುನ್ನ ಅದು ಅವರ ಎದುರಿಗಿರಲಿ. ಎರಡೂ ಬದಿಗೆ 6 ಮಿ.ಮೀ. ಜಾಗ ಬಿಟ್ಟರೆ ಸಾಕೆಂದು ಅವರು ಹೇಳಬಹುದು. ಮಳೆಗಾಲದಲ್ಲಿ ಮುರಕಲ್ಲಿನ ಕೆಂಪು ಮಣ್ಣು ಟಯರಿಗೆ ಹೇಗೆ ಮೆತ್ತಿಕೊಳ್ಳುತ್ತದೆಂದು ಬೆಂಗಳೂರಿನವರಿಗೆ ಗೊತ್ತಿರಬೇಕಾಗಿಲ್ಲ. ನಾನು 10 ಕೇಳಿ ಪಡೆದೆ.

ಇನ್ನು ಲೋಹ. ಅಲ್ಯೂಮಿನಿಯಂ ಫ್ರೇಮನ್ನು ವೆಲ್ಡ್ ಮಾಡಿದ ಮೇಲೆ ಅದರ ಬಲ ಮರಳಿ ಬರಲು ಕುಲುಮೆಯಲ್ಲಿ ಕಾಯಿಸಿ ಹದ ಮಾಡಬೇಕು, ಸಣ್ಣ ಕಾರ್ಯಾಗಾರಕ್ಕೆ ಅದು ಕಷ್ಟ. ಟೈಟಾನಿಯಂ ತುಕ್ಕು ಹಿಡಿಯುವುದಿಲ್ಲ, ಜೇಬನ್ನು ಮಾತ್ರ ಬಿಡುವುದಿಲ್ಲ. ಉಳಿದದ್ದು 4130 ಕ್ರೋಮೋಲಿ, ಅಂದರೆ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆಸಿದ ಉಕ್ಕು. ಅದನ್ನೇ ಆರಿಸಿ, ಆದರೆ ಉಪ್ಪುಗಾಳಿಯನ್ನು ಮರೆಯಬೇಡಿ. ಹೊರಗಿನ ಬಣ್ಣ ಎಷ್ಟೇ ಚೆನ್ನಾಗಿರಲಿ, ತುಕ್ಕು ಕೊಳವೆಯ ಒಳಗಿನಿಂದಲೂ ತಿನ್ನುತ್ತದೆ. ವೆಲ್ಡಿಂಗಿನ ಬಿಸಿಗಾಳಿ ಹೋಗಲೆಂದು ಬಿಟ್ಟ ರಂಧ್ರಗಳಿಂದ ನೀರು ಒಳಗೆ ಸೇರುತ್ತದೆ. ಬಾಟಮ್ ಬ್ರಾಕೆಟ್ಟಿನ ತಳದಲ್ಲಿ ನೀರಿಳಿಯಲು ಒಂದು ತೂತು ಕೇಳಿ, ಕೊಳವೆಗಳ ಒಳಗೆ ತುಕ್ಕುನಿರೋಧಕ ಎಣ್ಣೆ ಸುರಿದು ಎಲ್ಲ ಕಡೆ ಹರಡುವಂತೆ ತಿರುಗಿಸಿ, ಬಸಿದು, ಆಮೇಲೆ ಭಾಗಗಳನ್ನು ಜೋಡಿಸಿ. ಮರಳಿನಿಂದ ಬಂದ ದಿನವೇ ಸಿಹಿನೀರಿನಲ್ಲಿ ತೊಳೆಯಿರಿ, ಚೈನಿಗೆ ಎಣ್ಣೆ ಬಿಡಿ.

ಬಣ್ಣಕ್ಕೆ ಕೊಡುವ ಮೊದಲು ಕ್ಯಾರಿಯರ್, ಮಡ್‌ಗಾರ್ಡ್, ನೀರಿನ ಬಾಟಲಿ ಇವುಗಳ ಬೋಲ್ಟ್‌ಗಳಿಗೆ ತಿರುಪು ಕೊರೆದ ತೂತುಗಳನ್ನು ಎಲ್ಲಿ ಇಡಬೇಕೆಂದು ಚಿತ್ರ ಬಿಡಿಸಿ ಕಳುಹಿಸಿ. ಈಗ ಕೇಳಿದರೆ ಅದು ಅವರಿಗೆ ಸಣ್ಣ ಕೆಲಸ. ಆಮೇಲೆ ಕೇಳಿದರೆ ಬಣ್ಣ ಕೆರೆದು ಮತ್ತೆ ಹಚ್ಚುವ ಖರ್ಚು ನಿಮ್ಮದು.