ಬಸ್ ಸ್ಟಾಪಿಗೆ ನಡೆಯೋದೂ ವ್ಯಾಯಾಮವೇ

19 ವರ್ಷದ ಮಗನಿಗೆ ಸ್ಕೂಟರ್ ಕೊಡಿಸಿದರೆ ನಡೆದಾಡೋದು ಕಮ್ಮಿಯಾಗುತ್ತಾ, ಬಸ್ ಸ್ಟಾಪಿಗೆ ನಡೆಯೋದು ವ್ಯಾಯಾಮ ಅನ್ನಿಸಿಕೊಳ್ಳುತ್ತಾ ಅಂತ ಕೇಳಿದ್ದೀರಿ. ಎರಡಕ್ಕೂ ಹೌದು ಅಂತೀನಿ.

ಹೋಗುವಾಗ 15 ನಿಮಿಷ, ಬರುವಾಗ 15, ವಾರಕ್ಕೆ ಐದು ದಿನ. ಅಲ್ಲಿಗೆ 150 ನಿಮಿಷ ಆಯ್ತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠ ಪ್ರಮಾಣವೂ ಅಷ್ಟೇ. ನಡಿಗೆ ಮಾತ್ರ ಬಿರುಸಾಗಿರಬೇಕು: ಮಾತಾಡಬಹುದು, ಹಾಡೋಕೆ ಉಸಿರು ಸಾಲದು, ಅಷ್ಟು. ಒಂದೇ ಸಮನೆ ಹತ್ತು ನಿಮಿಷ ನಡೆದರೆ ಮಾತ್ರ ಲೆಕ್ಕ ಅನ್ನೋ ಹಳೇ ಷರತ್ತನ್ನು 2020ರಲ್ಲೇ ಕೈಬಿಟ್ಟಿದ್ದಾರೆ.

ನನ್ನ ಮಗಳು ಸ್ಕೂಟರ್ ಬಂದಾಗ ‘ಸಂಜೆ ಜಿಮ್‌ಗೆ ಹೋಗ್ತೀನಿ’ ಅಂದಿದ್ದಳು. ಪರೀಕ್ಷೆ ಹತ್ತಿರ ಬಂತು, ಮೊದಲು ತಪ್ಪಿದ್ದೇ ಜಿಮ್. ಕಾಲೇಜು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಅದಕ್ಕೇ ವ್ಯಾಯಾಮ ಕಾಲೇಜಿನ ದಾರಿಯಲ್ಲೇ ಆಗಿಬಿಡಲಿ: ದೂರ ಐದು ಕಿಲೋಮೀಟರ್ ಒಳಗಿದ್ದು ರಸ್ತೆ ಸುರಕ್ಷಿತವಾಗಿದ್ದರೆ, ದಯವಿಟ್ಟು ಮೊದಲು ಸೈಕಲ್ ಕೊಡಿಸಿ ನೋಡಿ.